ಆಕಾಶದ ಮುಸಾಫಿರ ಮತ್ತು ನಮ್ಮ ಮನೆಯ ಉಪ್ಪು

ರಂಜಾನ್ ತಿಂಗಳಲ್ಲಿ ನಮ್ಮ ಮನೆಯ ಸಾರಿಗೆ ಉಪ್ಪು ಬೀಳುವುದು ಅಂದಾಜಿನ ಮೇಲೆ. ಅಡುಗೆ ಮಾಡುವ ಉಮ್ಮ, ಅಂದರೆ ನನ್ನ ತಾಯಿ, ಉಪವಾಸವಿರುತ್ತಾರೆ, ರುಚಿ ನೋಡುವಂತಿಲ್ಲ. ನಾಲಗೆಯ ತುದಿಗೆ ತಾಗಿಸಿ ಉಗುಳಿದರೆ ತಪ್ಪಿಲ್ಲ ಎಂದು ತಿಳಿದವರು ಹೇಳುತ್ತಾರಾದರೂ ಉಮ್ಮನಿಗೆ ಅಷ್ಟು ಧೈರ್ಯವಿಲ್ಲ. ಹಾಗಾಗಿ ಸಂಜೆ ಬಾಂಗ್ ಕೇಳಿ, ಖರ್ಜೂರ, ನೀರು, ಮೆಂತೆ ಗಂಜಿ ಎಲ್ಲ ಮುಗಿದು ಕೋಳಿಸಾರಿನ ಪಾತ್ರೆ ತೆರೆಯುವಾಗ ಮೇಜಿನ ಸುತ್ತ ಎಲ್ಲರೂ ಬಾಪನನ್ನೇ, ನನ್ನ ತಂದೆಯನ್ನೇ, ನೋಡುತ್ತಾರೆ. ಬಾಪ ಮೊದಲ ತುತ್ತು ಬಾಯಿಗಿಟ್ಟು, "ಇವತ್ತು ಸಮುದ್ರ" ಅಥವಾ "ಇವತ್ತು ಆಸ್ಪತ್ರೆ" ಎಂದು ತೀರ್ಪು ಕೊಡುತ್ತಾರೆ. ಸಮುದ್ರವೆಂದರೆ ಉಪ್ಪು ಹೆಚ್ಚು, ಆಸ್ಪತ್ರೆಯೆಂದರೆ ಕಡಿಮೆ.

ನಡುವೆ ಕೆಲವು ದಿನ ಮಾತ್ರ ಅವರು ಏನೂ ಹೇಳದೆ ಉಣ್ಣುತ್ತಾರೆ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ಉಪವಾಸವಿಲ್ಲ. ಆಮೇಲೆ ಬೇರೆ ತಿಂಗಳಲ್ಲಿ ಅದನ್ನು ತೀರಿಸಬೇಕು. ಆದರೆ ನಮ್ಮಲ್ಲಿ ಆ ದಿನಗಳಲ್ಲಿ ಯಾರೂ ಎಲ್ಲರ ಕಣ್ಣೆದುರು ತಿನ್ನುವುದಿಲ್ಲ. ನಾನು ಬೆಳಗಿನ ಜಾವ ಎಲ್ಲರೊಂದಿಗೆ ಎದ್ದು ಅತ್ತಾಳದ ಊಟಕ್ಕೆ ಕೂರುತ್ತೇನೆ. ಸಂಜೆ ಎಲ್ಲರೊಂದಿಗೆ ಖರ್ಜೂರಕ್ಕೆ ಕೈ ಹಾಕುತ್ತೇನೆ. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಫ್ರಿಜ್‌ನ ಪಕ್ಕ ನಿಂತು ಎರಡು ತುತ್ತು ನುಂಗುತ್ತೇನೆ. ಆಗ ಉಮ್ಮ ಸೌಟಿನ ತುದಿಯನ್ನು ನನ್ನ ಅಂಗೈಗೆ ತಾಗಿಸಿ, "ಸ್ವಲ್ಪ ನೋಡು" ಎನ್ನುತ್ತಾರೆ. ಆ ವಿಷಯ ನಮ್ಮಿಬ್ಬರ ನಡುವೆ ಅಷ್ಟರಲ್ಲೇ ಮುಗಿಯುತ್ತದೆ. ಉಪ್ಪು ಸರಿಯಾದ ದಿನಗಳಲ್ಲಿ ಬಾಪ ಯಾಕೆ ಸುಮ್ಮನಿರುತ್ತಾರೆ ಎಂದು ನಾನು ಯೋಚಿಸಿದ್ದಿಲ್ಲ.

ನಾವಿರುವುದು ಒಮಾನಿನ ನಿಜ್ವಾದಲ್ಲಿ. ಬಾಪನದು ಹಳೆಯ ಪೇಟೆಯ ಹತ್ತಿರ ಪಾತ್ರೆ ಅಂಗಡಿ. ಮದುವೆಮನೆಯ ದೊಡ್ಡ ಅನ್ನದ ಪಾತ್ರೆಗಳಿಂದ ಅರಬಿ ಕಾಫಿ ಕಾವಾ ತುಂಬುವ ಫ್ಲಾಸ್ಕಿನವರೆಗೆ ಎಲ್ಲ ಸಿಗುತ್ತದೆ. ನಾನು ಮಂಗಳೂರಿನಲ್ಲಿ ಭೌತಶಾಸ್ತ್ರ ಓದಿ ಬಂದು ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಮನೆಯಲ್ಲಿ ನಮ್ಮ ಮಾತು ಬ್ಯಾರಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ವರ್ಷ ರಂಜಾನ್ ಮಾರ್ಚಿನಲ್ಲಿ ಬಂದಿತ್ತು. ಅದಕ್ಕೆ ಕೆಲವು ವಾರ ಮೊದಲು ಬಾಪನ ತಾಯಿ, ನನ್ನ ಅಜ್ಜಿ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಪುತ್ತೂರಿನಿಂದ ಬಂದರು. ಅವರು ಬಂದ ವಾರವೇ ಟಿವಿಯಲ್ಲಿ ರಾಕೆಟ್ ಒಂದು ಬೆಂಕಿ ಉಗುಳುತ್ತಾ ಮೇಲೇರುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಪಕ್ಕದ ಎಮಿರೇಟ್ಸ್‌ನ ಗಗನಯಾತ್ರಿಯೊಬ್ಬರು ಅದರಲ್ಲಿದ್ದರು. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಇರಲು ಹೋಗಿದ್ದರು. ಅಷ್ಟು ದೀರ್ಘ ಕಾಲಕ್ಕೆ ಹೋದ ಅರಬರಲ್ಲಿ ಅವರೇ ಮೊದಲಿಗರು.

"ಯಾರ ಮಗ ಅದು?" ಅಜ್ಜಿ ಕೇಳಿದರು.

"ಪಕ್ಕದ ದೇಶದವ, ಅಜ್ಜಿ. ಎಮಿರೇಟ್ಸ್."

"ಪಕ್ಕದ್ದು ಅಂದ್ರೆ ಇಲ್ಲಿಯವನೇ ಆಯ್ತಲ್ಲ." ಅಜ್ಜಿಗೆ ಕೊಲ್ಲಿಯೆಲ್ಲ ಒಂದೇ ಬೀದಿ. "ರಂಜಾನ್ ಬಾಗಿಲಿಗೆ ಬಂದಿರುವಾಗ ಮಗನನ್ನು ಇಷ್ಟು ದೂರ ಕಳಿಸ್ಲಿಕ್ಕೆ ಆ ತಾಯಿಗೆ ಮನಸ್ಸು ಹೇಗೆ ಬಂತು?"

"ಅಷ್ಟೇನೂ ದೂರ ಇಲ್ಲ," ಎಂದೆ. "ಮಸ್ಕತ್‌ಗೆ ಹೋಗಿ ಬಂದು, ಇನ್ನೊಮ್ಮೆ ಹೋದರೆ ಎಷ್ಟು ಆಗ್ತದೋ, ಮೇಲಕ್ಕೆ ಅಷ್ಟೇ. ಹೆಚ್ಚು ಕಡಿಮೆ."

ಬಾಪ ನಕ್ಕರು. "ಹಾಗಾದ್ರೆ ಪುತ್ತೂರಿಗಿಂತ ಹತ್ತಿರ. ಹೋಗುದಾ ಉಮ್ಮ?"

"ನೀನು ಮೊದಲು ನನ್ನನ್ನು ಮಸ್ಕತ್‌ನ ದೊಡ್ಡ ಪಳ್ಳಿಗೆ ನಮಾಜಿಗೆ ಕರ್ಕೊಂಡು ಹೋಗು. ಬಂದು ಎಂಟು ದಿನ ಆಯ್ತು, ಹತ್ತು ಸಲ ಮಾತು ಕೊಟ್ಟೆ."

ಅಂದಿನಿಂದ ಗಗನಯಾತ್ರಿ ನಮ್ಮ ಮನೆಯವನಾದ. ಅಜ್ಜಿ ಅವನನ್ನು 'ಆ ಮೋನು' ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಮಗನನ್ನು ಕರೆಯುವುದು ಹಾಗೆ. ಅವನು ಹೇಗೆ ಮಲಗುತ್ತಾನೆ, ನಮಾಜಿಗೆ ಮುಖ ಮಾಡುವ ಕಿಬ್ಲಾ ಯಾವ ಕಡೆಗೆಂದು ಅವನಿಗೆ ಯಾರು ಹೇಳುತ್ತಾರೆ, ಬಾಯಾರಿದರೆ ನೀರು ಹೇಗೆ ಕುಡಿಯುತ್ತಾನೆ, ಇಂಥ ಪ್ರಶ್ನೆಗಳು ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದವು. ಗೊತ್ತಿದ್ದಷ್ಟು ಹೇಳುತ್ತಿದ್ದೆ. ಗೊತ್ತಿಲ್ಲದ್ದನ್ನು ಓದಿ ಮರುದಿನ ಹೇಳುತ್ತಿದ್ದೆ. ಮಕ್ಕಳಿಗೆ ಪಾಠ ಮಾಡುವುದಕ್ಕಿಂತ ಇದು ಕಷ್ಟ. ಮಕ್ಕಳು ಪರೀಕ್ಷೆಗೆ ಬೇಕಾದಷ್ಟು ಕೇಳಿ ಬಿಡುತ್ತಾರೆ.

ರಂಜಾನಿನ ಮೊದಲ ವಾರದಲ್ಲಿ ಒಂದು ಸಂಜೆ ನಿಲ್ದಾಣ ನಿಜ್ವಾದ ಮೇಲೆ ಹಾದುಹೋಗುವುದಿತ್ತು. ಮಗ್ರಿಬ್ ನಮಾಜ್ ಮುಗಿಸಿದ ಮೇಲೆ ನಾನು ಅಜ್ಜಿಯನ್ನು ಮೆಲ್ಲಗೆ ತಾರಸಿಗೆ ಹತ್ತಿಸಿದೆ. ಖರ್ಜೂರದ ತೋಟಗಳ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಕೆಳಗಿನ ಮನೆಗಳಲ್ಲೆಲ್ಲ ಪಾತ್ರೆಗಳ ಸದ್ದು. ನಾನು ತೋರಿಸಿದ ಕಡೆ, ಬೆಟ್ಟದ ಅಂಚಿನಿಂದ ಬಿಳಿ ಚುಕ್ಕೆಯೊಂದು ಎದ್ದು, ಮಿಣುಕದೆ, ಅವಸರವಿಲ್ಲದೆ ಮೇಲೇರಿತು.

ಅಜ್ಜಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಗಟ್ಟಿಯಾಗಿ, "ಅಸ್ಸಲಾಮು ಅಲೈಕುಂ" ಎಂದರು. ಪಕ್ಕದ ತಾರಸಿಯಲ್ಲಿ ಒಣಗಿದ ಕಾರ್ಪೆಟ್ ಮಡಚುತ್ತಿದ್ದ ನಮ್ಮ ಒಮಾನಿ ಮನೆಯೊಡತಿ ತನಗೇ ಹೇಳಿದ್ದೆಂದುಕೊಂಡು, "ವ ಅಲೈಕುಂ ಅಸ್ಸಲಾಂ!" ಎಂದು ಕೂಗಿದಳು. ಅಜ್ಜಿ ಆ ಕಡೆ ತಿರುಗಿ ಕೈ ಬೀಸಿ, ಮತ್ತೆ ಆಕಾಶ ನೋಡಿದರು. ಚುಕ್ಕೆ ನಡು ಆಕಾಶ ದಾಟಿ ಮೂಡಣಕ್ಕೆ ಇಳಿಯುತ್ತಾ ಮಂಕಾಗಿ, ಕೆಂಪಗಾಗಿ, ಇಲ್ಲವಾಯಿತು.

"ಎಲ್ಲಿ ಹೋದ?"

"ಅಲ್ಲೇ ಇದ್ದಾನೆ. ಭೂಮಿಯ ನೆರಳಿನೊಳಗೆ ಹೋದ. ಅವನಿಗೆ ಸೂರ್ಯ ಮುಳುಗಿತು."

"ಹಾಗಾದ್ರೆ ಅವನಿಗೂ ಈಗ ಮಗ್ರಿಬ್ ಆಯ್ತು," ಎಂದು ಅಜ್ಜಿ ಸಮಾಧಾನಪಟ್ಟುಕೊಂಡರು. ಅವನಿಗೆ ದಿನಕ್ಕೆ ಹದಿನಾರು ಸಲ ಹಾಗೆ ಸೂರ್ಯ ಮುಳುಗುತ್ತದೆ ಎಂದು ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ.

ಅದಾಗಿ ಎರಡು ದಿನಕ್ಕೆ, ಇಳಿಹೊತ್ತಿನ ಅಸರ್ ನಮಾಜಿಗೆ ಎದ್ದ ಅಜ್ಜಿ ಚಾಪೆಯ ಮೇಲೆಯೇ ಕುಸಿದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ನನ್ನನ್ನು ಯಾರೋ ಎಂಬಂತೆ ನೋಡಿದರು. ಉಮ್ಮ ಸಕ್ಕರೆ ನೀರನ್ನು ಬಾಯಿಗೆ ಹಿಡಿದರೆ ಹಲ್ಲು ಕಚ್ಚಿ ಹಿಡಿದರು. ಹಿಡಿದು ಕುಡಿಸಬೇಕಾಯಿತು. ಪಾಲಿಕ್ಲಿನಿಕ್‌ನ ಡಾಕ್ಟರು ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಟಿ ನೋಡಿ ಬಾಪನಿಗೆ ಹಿಂದಿಯಲ್ಲಿ, ನನಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು: ಈ ವಯಸ್ಸಿನಲ್ಲಿ, ಈ ಮಾತ್ರೆಗಳ ಮೇಲೆ, ಇವರು ಉಪವಾಸ ಮಾಡಲೇಬಾರದು. ಇನ್ನೊಮ್ಮೆ ಹೀಗಾದರೆ, ಅದೂ ಯಾರೂ ಹತ್ತಿರವಿಲ್ಲದಾಗ ಆದರೆ, ಉಳಿಯುವುದು ಕಷ್ಟ.

ಕಾರಿನಲ್ಲಿ ಅಜ್ಜಿ, "ಆಯ್ತು, ಅತ್ತಾಳಕ್ಕೆ ಒಂದು ರೊಟ್ಟಿ ಹೆಚ್ಚು ತಿಂತೇನೆ" ಎಂದರು. ಡಾಕ್ಟರು ಹೇಳಿದ್ದಕ್ಕೆ ಅವರ ಉತ್ತರ ಅಷ್ಟೇ.

ಮರುದಿನ ಸಂಜೆ ಬಾಪ ಒಂದು ಯುಕ್ತಿ ಹಿಡಿದುಕೊಂಡು ಬಂದರು. ರಂಜಾನಿನಲ್ಲಿ ಅಲ್ಲಿ ಏನು ಮಾಡುತ್ತೀರಿ ಎಂದು ಹೊರಡುವ ಮೊದಲೇ ಆ ಗಗನಯಾತ್ರಿಯನ್ನು ಪತ್ರಿಕೆಯವರು ಕೇಳಿದ್ದರು. ತಾನು ಪ್ರಯಾಣಿಕ, ಪ್ರಯಾಣಿಕನಿಗೆ ಉಪವಾಸ ಕಡ್ಡಾಯವಲ್ಲ ಎಂಬ ಅರ್ಥದಲ್ಲಿ ಅವರು ಉತ್ತರಿಸಿದ್ದರು. ಬಾಪ ಅದನ್ನು ಅಂಗಡಿಯಲ್ಲಿ ಯಾರಿಂದಲೋ ಕೇಳಿ ಬಂದಿದ್ದರು.

"ನೋಡಿ ಉಮ್ಮ, ನಿಮ್ಮ ಮೋನುವೇ ನೋಂಬು ಹಿಡಿಯುದು ಕಡ್ಡಾಯ ಅಲ್ಲ ಅಂತಾನೆ. ಮುಸಾಫಿರ ಅಲ್ವಾ. ನೀವೂ ಮುಸಾಫಿರರೇ. ಊರು ಬಿಟ್ಟು ಬಂದವರು. ಖಲಾಸ್, ನಾಳೆಯಿಂದ ಗಂಜಿ ಕುಡೀರಿ."

ಅಜ್ಜಿ ಜಪಮಣಿ ಕೆಳಗಿಟ್ಟರು. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಎಲ್ಲರಿಗಿಂತ ಮೊದಲು ಪಾಠ ಒಪ್ಪಿಸುತ್ತಿದ್ದವರು ಅವರು. ಅದನ್ನು ನಮಗೆ ಮರೆಯಲು ಬಿಟ್ಟಿಲ್ಲ.

"ಒಂದು ಕಡೆ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವ ನಿಯ್ಯತ್ತು ಮಾಡಿದವ ಮುಸಾಫಿರ ಅಲ್ಲ. ನಾನು ಮೂರು ತಿಂಗಳಿಗೆ ಬಂದವಳು. ನಿನ್ನ ಕಿಸೆಯಲ್ಲಿ ರೆಸಿಡೆಂಟ್ ಕಾರ್ಡ್ ಉಂಟು. ಈ ಮನೆಯಲ್ಲಿ ಯಾರು ಮುಸಾಫಿರ?"

"ಅವನೂ ಆರು ತಿಂಗಳಿಗೆ ಹೋದವ ಅಲ್ವಾ ಮತ್ತೆ? ಅವನಿಗೆ ಒಂದು ನ್ಯಾಯ, ನಿಮಗೆ ಒಂದಾ?"

ಬಾಪನ ಮುಖದಲ್ಲಿ ಗೆದ್ದ ಕಳೆ ಬಂತು. ಆಗ ಅಜ್ಜಿ ನನ್ನ ಕಡೆ ತಿರುಗಿದರು.

"ಮಗಳೇ, ನೀನು ಹೇಳು. ಅವನಿರುವ ಆ ಮನೆ, ಒಮ್ಮೆಯಾದ್ರೂ ನಿಲ್ತದಾ?"

"ಇಲ್ಲ ಅಜ್ಜಿ."

"ನಮಾಜಿನ ಹೊತ್ತಿಗೂ? ಮಲಗುವಾಗಲೂ?"

"ನಿಂತರೆ ಕೆಳಗೆ ಬೀಳ್ತದೆ. ಓಡ್ತಾ ಇರುವುದರಿಂದಲೇ ಅದು ಮೇಲೆ ಇರುವುದು."

"ಮುಗೀತಲ್ಲ," ಎಂದು ಅಜ್ಜಿ ಜಪಮಣಿ ಎತ್ತಿಕೊಂಡರು. "ಅವ ಹತ್ತು ವರ್ಷ ಇದ್ದರೂ ಮುಸಾಫಿರನೇ. ಪಾಪ, ಅವ ತಿನ್ನಲಿ. ನಾನು ನಿಂತವಳು."

ಬಾಪ ನನ್ನನ್ನು ಅಡುಗೆಮನೆಗೆ ಕರೆದು, "ನಿನಗೆ ಒಂದೇ ಒಂದು ಸುಳ್ಳು ಹೇಳ್ಲಿಕ್ಕೆ ಆಗುದಿಲ್ವಾ? ಅಷ್ಟು ಓದಿಸಿದ್ದು ಇದಕ್ಕಾ?" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಉಮ್ಮ ಅಕ್ಕಿಯ ಪತ್ತಿರಿ ತಟ್ಟುತ್ತಲೇ, "ಅವಳು ಸುಳ್ಳು ಹೇಳಿದ್ರೆ ಅತ್ತೆಗೆ ಗೊತ್ತಾಗುದಿಲ್ವಾ? ಅಂಗಡಿಯಲ್ಲಿ ಚೌಕಾಸಿ ಮಾಡಿದ ಹಾಗೆ ಇಲ್ಲಿ ಮಾಡ್ಬೇಡಿ" ಎಂದರು.

ಕಾಯಿಲೆಯವರಿಗೂ ವಿನಾಯಿತಿ ಇದೆಯೆಂದು ಅಜ್ಜಿಗೆ ನಾವು ಹೇಳಬೇಕಾಗಿರಲಿಲ್ಲ. ಆ ಸಾಲುಗಳೂ ಅವರಿಗೆ ಬಾಯಿಪಾಠ. ಮರುದಿನದಿಂದ ಅವರು ವಾದವನ್ನೇ ಬಿಟ್ಟರು. "ಆಯ್ತು" ಎನ್ನುತ್ತಿದ್ದರು. ಉಮ್ಮ ಮಧ್ಯಾಹ್ನ ಗಂಜಿ ಬಡಿಸಿ ಅವರ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಬರುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬಟ್ಟಲು ಖಾಲಿಯಾಗಿರುತ್ತಿತ್ತು. ಮೂರನೆಯ ದಿನ ಕಿಟಕಿಯ ಹೊರಗೆ, ನಮ್ಮ ಸಣ್ಣ ಅಂಗಳದಲ್ಲಿ ಬೆಕ್ಕುಗಳು ಸೇರಿದ್ದು ಕಂಡು ನಮಗೆ ವಿಷಯ ತಿಳಿಯಿತು. ಅಂದು ಸಂಜೆಯ ಹೊತ್ತಿಗೆ ಮತ್ತೆ ಅವರ ಕೈ ನಡುಗಿತ್ತು. ಬಾಪ ಅಂಗಡಿಗೆ ಹೊರಟುಹೋದರು. ಆ ರಾತ್ರಿ ಉಣ್ಣಲೂ ಇಲ್ಲ.

ನಾನು ಆ ಬೆಕ್ಕುಗಳ ಬಗ್ಗೆ ಅಜ್ಜಿಯನ್ನು ಕೇಳಿದೆ. ಅವರು ಸಿಕ್ಕಿಬಿದ್ದ ಮಗುವಿನಂತೆ ನಕ್ಕರು. ಆಮೇಲೆ ನಗು ನಿಂತಿತು.

"ಗಂಟಲಲ್ಲಿ ಇಳಿಯುದಿಲ್ಲ ಮಗಳೇ. ಮನೆಯವರೆಲ್ಲ ಒಣ ಬಾಯಲ್ಲಿ ಇರುವಾಗ, ನಾನು ಒಬ್ಬಳೇ ಕಳ್ಳಿಯ ಹಾಗೆ ಬಾಗಿಲು ಹಾಕಿಕೊಂಡು ಹೇಗೆ ನುಂಗುದು? ಪ್ರಾಯದಲ್ಲಿ ನಮಗೂ ಆ ದಿನಗಳು ಇದ್ದವಲ್ಲ. ಆಗಲೂ ನಾನು ಕೂತು ತಿಂದವಳಲ್ಲ. ಬಾಗಿಲ ಹಿಂದೆ ನಿಂತು, ಪಾತ್ರೆಯಿಂದಲೇ, ಸದ್ದಾಗದ ಹಾಗೆ. ಅದು ಮುಗಿದ ಮೇಲೆ ಇನ್ನು ಆ ಕಷ್ಟ ಇಲ್ಲ ಅಂತ ಅಲ್ಲಾಹನಿಗೆ ಶುಕ್ರ್ ಹೇಳಿದ್ದೆ. ಈಗ ಮುದುಕಿಯಾದ ಮೇಲೆ ಮತ್ತೆ ಬಾಗಿಲ ಹಿಂದೆ ನಿಲ್ಲಬೇಕಾ?"

ಆಗ ನನಗೆ ತಿಳಿಯಿತು, ನಾವೆಲ್ಲ ಬೇರೆಯೇ ವಿಷಯಕ್ಕೆ ವಾದಿಸುತ್ತಿದ್ದೆವು.

"ಅವ ಹೇಗೆ ತಿಂತಾನೆ ಅಲ್ಲಿ?" ಎಂದರು ಅಜ್ಜಿ. "ಅವನಿಗೆ ಬಾಗಿಲು ಉಂಟಾ?"

ನಾನು ಫೋನಿನಲ್ಲಿ ನಿಲ್ದಾಣದವರು ಊಟ ಮಾಡುವ ಒಂದು ವಿಡಿಯೋ ತೋರಿಸಿದೆ. ಒಂದು ಮೇಜು, ಅದರ ಸುತ್ತ ಬೇರೆ ಬೇರೆ ದೇಶದವರು, ತೇಲಿ ಹೋಗದಂತೆ ಕಾಲನ್ನು ನೆಲದ ಕಂಬಿಗೆ ಸಿಕ್ಕಿಸಿಕೊಂಡು. ರೊಟ್ಟಿಯೊಂದು ಗಾಳಿಯಲ್ಲಿ ತಿರುಗುತ್ತಾ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ಅಜ್ಜಿ ಅದನ್ನು ಮೂರು ಸಲ ನೋಡಿದರು.

"ಎಲ್ಲರೂ ಒಟ್ಟಿಗೆ," ಎಂದರು. "ಒಬ್ಬ ಎಳೆದು ಕೊಡ್ತಾನೆ, ಒಬ್ಬ ಹಿಡೀತಾನೆ. ಬಾಗಿಲೇ ಇಲ್ಲ. ಒಳ್ಳೆಯದಾಯ್ತು." ಫೋನ್ ನನ್ನ ಕೈಗೆ ಕೊಡುವಾಗ, "ಅವನ ಮನೆಯಲ್ಲಿ ನೋಂಬು ಇಲ್ಲದವರು ತುಂಬ ಜನ ಇದ್ದಾರಲ್ಲ. ಹಾಗಾಗಿ ನಾಚಿಕೆ ಇಲ್ಲ" ಎಂದು ಸೇರಿಸಿದರು.

ಆ ಮಾತು ಅಂದು ನನ್ನೊಳಗೆ ಕೂತುಬಿಟ್ಟಿತು. ಮಾರನೆಯ ದಿನದಿಂದ ನನ್ನ ಆ ದಿನಗಳು, ಉಪವಾಸವಿರಲಿಲ್ಲ.

ನನ್ನ ವಿಷಯಗಳನ್ನು ನಾನು ಯಾರ ಮುಂದೆಯೂ ಹರಡುವವಳಲ್ಲ. ಹಾಸ್ಟೆಲಿನಲ್ಲಿದ್ದಾಗಲೂ ಅಲಮಾರಿಗೆ ಬೀಗ ಹಾಕುತ್ತಿದ್ದವಳು ನಾನೊಬ್ಬಳೇ. ರಂಜಾನಿನ ಹಗಲಿನಲ್ಲಿ ಒಬ್ಬರ ಕಣ್ಣೆದುರು ಬಾಯಿ ಆಡಿಸುವುದೆಂದರೆ ನನಗೆ ತಲೆಯ ಬಟ್ಟೆ ತೆಗೆದು ಬೀದಿಯಲ್ಲಿ ನಿಂತಂತೆ. ಆದರೂ ಮಾರನೆಯ ಮಧ್ಯಾಹ್ನ ಶಾಲೆಯಿಂದ ಬೇಗ ಬಂದು, ಅಡುಗೆಮನೆಯ ಸಣ್ಣ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟೆ. ಎರಡರಲ್ಲೂ ಗಂಜಿ, ಮಾವಿನ ಉಪ್ಪಿನಕಾಯಿ. ಎರಡು ಕುರ್ಚಿ ಎಳೆದೆ. ಅಜ್ಜಿಯನ್ನು ಕರೆತಂದು ಒಂದರಲ್ಲಿ ಕೂರಿಸಿ, ಇನ್ನೊಂದರಲ್ಲಿ ನಾನು ಕೂತು, ಚಮಚ ಎತ್ತಿದೆ.

ಅಜ್ಜಿ ನನ್ನ ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಒಲೆಯ ಬಳಿ ಉಮ್ಮ ಬೆನ್ನು ತಿರುಗಿಸಿಯೇ ಇದ್ದರು. ಅವರ ಸೌಟು ಮಾತ್ರ ನಿಂತಿತ್ತು. ಅಜ್ಜಿ ಎದ್ದು ಹೋಗಿ ಬಾಗಿಲನ್ನು ಮುಂದೆ ಮಾಡಿ ಬಂದು ಕೂತರು. ನನಗಾಗಿ ಮಾಡಿದ್ದು ಅದು.

ನಾನು ಮೊದಲ ತುತ್ತು ತೆಗೆದುಕೊಂಡೆ. ಕಿವಿ ಬಿಸಿಯಾಗಿತ್ತು. ಅವರು ಬಿಸ್ಮಿ ಹೇಳಿ ಒಂದು ಚಮಚ ಬಾಯಿಗಿಟ್ಟರು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು, ಕೊನೆಗೆ ನುಂಗಿದರು.

"ಅವನೂ ಈಗ ಉಣ್ತಿರಬಹುದಾ?"

"ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕು ಗಂಟೆ ಹಿಂದೆ. ಅವನಿಗೆ ಈಗ ಬೆಳಗಿನ ಚಹಾ."

"ಚಹಾ ಆದ್ರೂ ಆಯ್ತು," ಎಂದು ಅಜ್ಜಿ ಇನ್ನೊಂದು ಚಮಚ ತೆಗೆದುಕೊಂಡರು. ಅರ್ಧ ಬಟ್ಟಲಿನ ಮೇಲೆ ನಿಂತು, ಒಲೆಯ ಕಡೆ ಕತ್ತು ಚಾಚಿದರು. "ಆ ಸಾರು ಇಲ್ಲಿ ತಾ ನೋಡುವ. ಮೊನ್ನೆ ಹಾಕಿದ ಉಪ್ಪಿಗೆ ನನ್ನ ನಾಲಗೆ ಇನ್ನೂ ಉರೀತಾ ಉಂಟು."

ಉಮ್ಮ ಸೌಟು ತಂದರು. ಅಜ್ಜಿ ನನ್ನ ಅಂಗೈಗೆ ಎರಡು ಹನಿ, ತನ್ನ ಅಂಗೈಗೆ ಎರಡು ಹನಿ ಹಾಕಿಸಿಕೊಂಡರು. ಉಪ್ಪಿಗಿಂತ ಹುಳಿ ಕಡಿಮೆಯಾಗಿದೆ ಎಂದರು ಅವರು. ಉಪ್ಪೇ ಕಡಿಮೆ ಎಂದೆ ನಾನು. ಅತ್ತೆ ಸೊಸೆಗೆ ಸ್ವಲ್ಪ ಮಾತೂ ಆಯಿತು.

ಹಾಗೆ ಕೆಲವು ದಿನ ಉಂಡೆವು. ಅಜ್ಜಿ ತಪ್ಪಿದ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಕೊಡಬೇಕೆಂದು ಬಾಪನಿಗೆ ಹೇಳಿಕಳಿಸಿದರು. ಬಾಪ ಕೂಲಿ ಕೆಲಸದವರ ಇಫ್ತಾರ್ ಟೆಂಟಿಗೆ ತಾವೇ ಪಾತ್ರೆ ಹೊತ್ತುಕೊಂಡು ಹೋದರು. ಅಜ್ಜಿಯ ಕೈ ನಡುಗುವುದು ನಿಂತಿತು. ಆದರೆ ನನ್ನ ದಿನಗಳು ಮುಗಿಯುತ್ತಾ ಬಂದಂತೆ ನನಗೆ ಚಿಂತೆಯಾಯಿತು. ನಾನು ಮತ್ತೆ ಉಪವಾಸ ಹಿಡಿದ ದಿನ ಅವರು ಒಬ್ಬರೇ ಉಣ್ಣುತ್ತಾರೆಯೇ, ಬೆಕ್ಕುಗಳು ಮತ್ತೆ ಬರುತ್ತವೆಯೇ?

ಆ ದಿನ ನಾನು ಒಂದೇ ಬಟ್ಟಲು ಇಟ್ಟು, ಎದುರಿನ ಕುರ್ಚಿಯಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ಹರಡಿ ಕೂತೆ. ಅಜ್ಜಿ ಬಂದು ಬಟ್ಟಲನ್ನೂ ನನ್ನ ಕೆಂಪು ಪೆನ್ನನ್ನೂ ನೋಡಿ ಅರ್ಥಮಾಡಿಕೊಂಡರು. ಕೂತರು. ಚಮಚ ಎತ್ತಲಿಲ್ಲ. ಆಗ ಹೊರಗಿನ ಬಾಗಿಲು ತೆರೆದ ಸದ್ದಾಯಿತು. ಆ ಹೊತ್ತಿಗೆ ಎಂದೂ ಬಾರದ ಬಾಪ, ಫ್ಲಾಸ್ಕಿನ ಡಬ್ಬಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು, ನೇರ ಅಡುಗೆಮನೆಗೇ ಬಂದರು. ನಾನು ಬಾಗಿಲು ಮುಂದೆ ಮಾಡಿರಲಿಲ್ಲ.

ಅಜ್ಜಿಯ ಕೈ ಬಟ್ಟಲನ್ನು ಮುಚ್ಚಲು ಹೋಯಿತು. ಬಾಪ ಅದನ್ನು ಕಾಣದವರಂತೆ ಕುರ್ಚಿ ಎಳೆದು ತಾಯಿಯ ಪಕ್ಕ ಕೂತರು. ಬಿಸಿಲಿನಿಂದ ಬಂದಿದ್ದರು, ತುಟಿ ಒಣಗಿತ್ತು.

"ಉಮ್ಮ, ಒಂದು ಉಪಕಾರ ಮಾಡ್ಬೇಕು. ಇವತ್ತು ಸಂಜೆ ಅಂಗಡಿಯವರಿಬ್ಬರು ಇಫ್ತಾರಿಗೆ ಬರ್ತಾರೆ. ನಿಮ್ಮ ಸೊಸೆ ಉಪ್ಪು ಹಾಕಿದ್ದು ಎಷ್ಟು ಅಂತ ಅಲ್ಲಾಹನಿಗೇ ಗೊತ್ತು. ಈ ಮನೆಯಲ್ಲಿ ಬಾಯಿ ಇರುವುದು ನಿಮಗೆ ಮಾತ್ರ."

"ಅವರ ಎದುರು ನಿಮ್ಮ ಆಸ್ಪತ್ರೆ, ಸಮುದ್ರ ಶುರು ಮಾಡ್ಬೇಡಿ," ಎಂದರು ಉಮ್ಮ ಒಲೆಯ ಬಳಿಯಿಂದ.

ಬಾಪ ನನ್ನ ಕಡೆ ನೋಡಲಿಲ್ಲ. ಎಷ್ಟೋ ವರ್ಷದಿಂದ, ಕೆಲವು ದಿನ ಉಪ್ಪು ಸರಿಯಾದಾಗೆಲ್ಲ ಅವರು ನನ್ನ ಕಡೆ ನೋಡದೆ ಸುಮ್ಮನೆ ಉಂಡದ್ದು ಯಾಕೆಂದು ಆಗ ನನಗೆ ಹೊಳೆಯಿತು. ನಾನು ಉತ್ತರಪತ್ರಿಕೆಯ ಮೇಲೆ ಬಗ್ಗಿದೆ.

ಅಜ್ಜಿ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಟ್ಟಲಿನ ಮೇಲಿಂದ ಕೈ ತೆಗೆದು, "ಬಾಯಿ ಒಣಗಿರುವಾಗ ರುಚಿ ಗೊತ್ತಾಗುದಿಲ್ಲ. ಮೊದಲು ನಾನು ಉಣ್ತೇನೆ. ಆಮೇಲೆ ನೋಡುವ" ಎಂದರು. ಮಗನ ಎದುರು, ತೆರೆದ ಬಾಗಿಲಿನ ಎದುರು, ಇಡೀ ಬಟ್ಟಲು ಗಂಜಿ ಉಂಡರು. ಬಾಪ ಪಕ್ಕದಲ್ಲಿ ಕೂತು ಹೊಸ ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸಿ ತೆರೆಯುತ್ತಾ, ತಿರುಗಿಸಿ ಮುಚ್ಚುತ್ತಾ ಇದ್ದರು.

ಬಟ್ಟಲು ಖಾಲಿಯಾದ ಮೇಲೆ ಉಮ್ಮ ಸೌಟು ತಂದರು. ಅಜ್ಜಿ ಅಂಗೈ ಚಾಚಿ, ನೆಕ್ಕಿ, ಕಣ್ಣು ಮುಚ್ಚಿದರು.

"ಇನ್ನೂ ಒಂದು ಚಿಟಿಕೆ," ಎಂದರು.